ಅಮಾನತ್ತನ್ನು ಹಿಂದಿರುಗಿಸಿದ ಸಚಿವ: ಅಬ್ದುಲ್ ನಜೀರ್ ಸಾಬ್

ಒಬ್ಬ ರಾಜಕಾರಣಿಯನ್ನು ಪ್ರಾಮಾಣಿಕನೆಂದು ಮೆಚ್ಚುವಾಗ ನಾವು ಸಾಮಾನ್ಯವಾಗಿ ಒಂದೇ ಮಾನದಂಡವನ್ನು ಬಳಸುತ್ತೇವೆ: ಆತ ಲಂಚ ಮುಟ್ಟಲಿಲ್ಲ, ಆಸ್ತಿ ಕೂಡಿಡಲಿಲ್ಲ. ಇದು ಸಣ್ಣ ಗುಣವೇನಲ್ಲ. ಆದರೆ ಇಸ್ಲಾಮ್ ಧರ್ಮವು ಅಧಿಕಾರವನ್ನು ಅಮಾನತ್ ಎಂದು ಪರಿಗಣಿಸುತ್ತದೆ. ಅಮಾನತ್ತನ್ನು ಕದಿಯದಿರುವುದು ಅರ್ಧ ಕರ್ತವ್ಯ ಮಾತ್ರ. ಅದನ್ನು ಅದರ ಹಕ್ಕುದಾರರಿಗೆ ತಲುಪಿಸುವುದು ಉಳಿದರ್ಧ. ಈ ಎರಡನ್ನೂ ನಿರ್ವಹಿಸಿದ ಒಬ್ಬ ನಾಯಕ ನಮ್ಮ ನಾಡಿನಲ್ಲೇ ಇದ್ದರು. ಅವರೇ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್.

1983ರಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರ ಅಸ್ತಿತ್ವಕ್ಕೆ ಬಂತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಜೀರ್ ಸಾಬರ ಪಾಲಿಗೆ ಬಂತು. ರಾಜ್ಯ ಬರದಿಂದ ತತ್ತರಿಸಿದ್ದ ವರ್ಷಗಳವು. ಒಂದು ಕೊಡ ನೀರಿಗಾಗಿ ಹೆಣ್ಣುಮಕ್ಕಳು ಮೈಲುಗಟ್ಟಲೆ ನಡೆಯುತ್ತಿದ್ದರು. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಮೆಟ್ಟಿಲು ಬಾವಿಯ ನೀರು ಕುಡಿದವರನ್ನು ನಾರುಹುಣ್ಣು ಕಾಡುತ್ತಿತ್ತು. ನಜೀರ್ ಸಾಬರು ಹಳ್ಳಿ ಹಳ್ಳಿಗೂ ಕೊಳವೆ ಬಾವಿ ಕೊರೆಸಿ ಕೈಪಂಪು ಹಾಕಿಸುವ ಕೆಲಸವನ್ನು ವ್ರತದಂತೆ ಹಿಡಿದರು. ಹಳ್ಳಿಯ ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಆ ಹೆಸರನ್ನು ಕೊಟ್ಟವರಲ್ಲಿ ಹೆಚ್ಚಿನವರು ಅವರ ಧರ್ಮದವರಲ್ಲ. ಬಿಂದಿಗೆ ತುಂಬಿಸುವ ತಾಯಿ ಪಂಪು ಹಾಕಿಸಿದವನ ಜಾತಿಯನ್ನು ಕೇಳಲಿಲ್ಲ. ಹಾಕಿಸಿದವರೂ ಕುಡಿಯುವವರ ಜಾತಿಯನ್ನು ಕೇಳಲಿಲ್ಲ.

ತೀರಿಹೋದ ತಾಯಿಗಾಗಿ ಯಾವ ದಾನ ಉತ್ತಮವೆಂದು ಸಅದ್ ಬಿನ್ ಉಬಾದ(ರ) ಕೇಳಿದಾಗ ಪ್ರವಾದಿವರ್ಯರು(ಸ) ನೀರನ್ನು ಸೂಚಿಸಿದರೆಂದೂ ಅವರು ಬಾವಿ ತೋಡಿಸಿದರೆಂದೂ ನಾವು ಓದಿದ್ದೇವೆ. ಆದರೆ ನಜೀರ್ ಸಾಬರ ಬಾವಿಗಳು ದಾನವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಅದು ಜನರದೇ ಹಣ. ಜನರ ಹಣದಿಂದ ಮಾಡಿದ ಕೆಲಸವನ್ನು ತನ್ನ ಔದಾರ್ಯವೆಂದು ಬಿಂಬಿಸಿಕೊಳ್ಳುವ ಅಧಿಕಾರಸ್ಥ ಕೂಡ ಒಂದು ಬಗೆಯ ಅಪ್ರಾಮಾಣಿಕನೇ. ನೀರನ್ನು ಹಳ್ಳಿಯ ಹಕ್ಕೆಂದು ತಿಳಿದದ್ದರಿಂದಲೇ ನಜೀರ್ ಸಾಬರಿಗೆ ಮುಂದಿನ ಹೆಜ್ಜೆ ಸಾಧ್ಯವಾಯಿತು.

ಆ ಹೆಜ್ಜೆಯೇ 1983ರ ಪಂಚಾಯತ್ ರಾಜ್ ಮಸೂದೆ. ರಾಷ್ಟ್ರಪತಿಗಳ ಅಂಕಿತ ದೊರೆಯುವಷ್ಟರಲ್ಲಿ 1985 ಬಂದಿತ್ತು; 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಹಿರಿಯ ಐಎಎಸ್ ಅಧಿಕಾರಿಗಳು ಚುನಾಯಿತ ಪರಿಷತ್ತಿನ ಕೈಕೆಳಗೆ ಮುಖ್ಯ ಕಾರ್ಯದರ್ಶಿಗಳಾಗಿ ದುಡಿಯಬೇಕಾಯಿತು. ಶೇ. 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡಲಾಯಿತು. ಅಡುಗೆ ಮನೆಯಿಂದಾಚೆ ಮಾತಾಡದಿದ್ದ ಸಾವಿರಾರು ಹೆಣ್ಣುಮಕ್ಕಳು ಊರಿನ ಲೆಕ್ಕಪತ್ರ ಕೇಳುವ ಸ್ಥಾನಕ್ಕೆ ಬಂದರು. ದೇಶಕ್ಕೆ ಇಂತಹ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದ ಸಂವಿಧಾನದ 73ನೇ ತಿದ್ದುಪಡಿ ಅಂಗೀಕಾರವಾದದ್ದು 1992ರಲ್ಲಿ.

ಇದರ ಬೆಲೆಯೇನೆಂದು ಯೋಚಿಸಿ. ಯಾವ ಊರಿಗೆ ರಸ್ತೆ, ಯಾವ ಕೇರಿಗೆ ಶಾಲೆ ಎಂದು ತೀರ್ಮಾನಿಸುವ ಅಧಿಕಾರವೇ ರಾಜಕಾರಣಿಯ ನಿಜವಾದ ಸಂಪತ್ತು. ಹಣ ಬೇಡವೆನ್ನುವವರು ಸಿಗಬಹುದು. ಜನ ತನ್ನ ಬಾಗಿಲಲ್ಲಿ ಕಾಯುವುದು ಬೇಡವೆನ್ನುವವರು ವಿರಳ. ಶಾಸಕರಲ್ಲಿ ಅನೇಕರಿಗೆ ಈ ಕಾನೂನು ಅಪಥ್ಯವಾಗಿತ್ತು. ಅದನ್ನು ಮುನ್ನಡೆಸಿದವರಾದರೋ ಆ ಖಾತೆಯ ಸಚಿವರೇ, ಅಂದರೆ ಅದರಿಂದ ಸ್ವತಃ ಅಧಿಕಾರ ಕಳೆದುಕೊಳ್ಳುವವರೇ.

1988ರಲ್ಲಿ ನಜೀರ್ ಸಾಬರು ನಿಧನರಾದರು. ತಾವು ನೆಟ್ಟ ಸಸಿ ಮರವಾಗುವುದನ್ನು ನೋಡುವ ಅವಕಾಶ ಅವರಿಗಿರಲಿಲ್ಲ. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇಂದು ಅವರ ಹೆಸರನ್ನು ಹೊತ್ತಿದೆ. ಪಂಚಾಯಿತಿ ಸದಸ್ಯರಿಗೆ ಅಲ್ಲಿ ತರಬೇತಿ ನೀಡಲಾಗುತ್ತದೆ.

ನಮ್ಮ ಸಮುದಾಯದಿಂದ ಎಷ್ಟು ಮಂದಿ ಶಾಸಕರಾದರು, ಎಷ್ಟು ಮಂದಿ ಸಚಿವರಾದರು ಎಂದು ನಾವು ಚುನಾವಣೆಯ ನಂತರ ಎಣಿಸುತ್ತೇವೆ. ಆ ಎಣಿಕೆ ತಪ್ಪಲ್ಲ. ಆದರೆ ಅಧಿಕಾರಕ್ಕೇರಿದವರು ಅದನ್ನು ಯಾರಿಗೆ ತಲುಪಿಸಿದರು ಎಂಬ ಪ್ರಶ್ನೆಯನ್ನೂ ಜೊತೆಗೇ ಕೇಳೋಣ. ಮಸೀದಿಯ ಆಡಳಿತ ಸಮಿತಿಯಿಂದ ಮಂತ್ರಿ ಪದವಿಯವರೆಗೆ ಈ ಪ್ರಶ್ನೆ ಒಂದೇ. ನಮ್ಮ ಮಕ್ಕಳಿಗೆ ನೀರ್ ಸಾಬರ ಕಥೆ ಹೇಳುವಾಗ ಕೈಪಂಪಿನ ಜೊತೆಗೆ ಆ ಕಾನೂನಿನ ಕಥೆಯನ್ನೂ ಹೇಳೋಣ. ಅಲ್ಲಾಹನು ಅವರ ಸತ್ಕರ್ಮಗಳನ್ನು ಸ್ವೀಕರಿಸಲಿ.