ಮೂರು ಪದರದ ಚೀಲದ ಕಥೆ



ಹೋದ ಮುಂಗಾರಿಗೆ ಮುಂಚೆ, ಬಿತ್ತನೆಗೆ ಅಂತ ಕಟ್ಟಿಟ್ಟಿದ್ದ ಅಲಸಂದೆ ಚೀಲ ಬಿಚ್ಚಿದೆ. ಕಾಳಿಗೊಂದು ತೂತು, ಕೈ ಹಾಕಿದ್ರೆ ಬರೀ ಹಿಟ್ಟು. 20 ಸೇರು ಬೀಜ ಹಾಳಾಯ್ತು, ದುಡ್ಡು ಕೊಟ್ಟು ಬೇರೆ ತಂದು ಬಿತ್ತಿದೆ. ಆವಾಗಿಂದ ಈ ಹುಳದ ವಿಷಯ ಓದಿ, ಕೇಳಿ ತಿಳ್ಕೊಂಡಿದ್ದನ್ನ ಬರೀತಿದೀನಿ.

ಅಲಸಂದೆ ಮೂಲದಲ್ಲಿ ಆಫ್ರಿಕಾದ ಬೆಳೆ. ಅಲ್ಲಿನ ರೈತರಿಗೂ ಇದೇ ಹುಳದ ಕಾಟ. ಹುಳ ತಿನ್ನುತ್ತೆ ಅನ್ನೋ ಭಯಕ್ಕೆ ಸುಗ್ಗಿಯಲ್ಲೇ ಸಿಕ್ಕಿದ ಬೆಲೆಗೆ ಮಾರೋದು, ಆಮೇಲೆ ಅದೇ ಕಾಳನ್ನ ಜಾಸ್ತಿ ಕೊಟ್ಟು ಕೊಳ್ಳೋದು. ನಮ್ಮ ಕಥೆಯೂ ಅದೇ ಅಲ್ವಾ? 1980ರ ದಶಕದ ಕೊನೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟ ವಿಜ್ಞಾನಿ ಲ್ಯಾರಿ ಮರ್ಡಾಕ್ ಮತ್ತು ಕ್ಯಾಮರೂನ್ ದೇಶದ ಸಂಶೋಧಕರು ಸೇರಿ ಇದಕ್ಕೆ ಒಂದು ದಾರಿ ಕಂಡುಹಿಡಿದರು. ಔಷಧಿ ಇಲ್ಲ, ಯಂತ್ರ ಇಲ್ಲ. ಒಂದರೊಳಗೊಂದು ಮೂರು ಚೀಲ, ಅಷ್ಟೇ. ಇದಕ್ಕೆ ಪಿಕ್ಸ್ ಚೀಲ ಅಂತಾರೆ. 2007ರಿಂದ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಇದನ್ನ ಹಳ್ಳಿ ಹಳ್ಳಿಗೆ ಮುಟ್ಟಿಸೋ ದೊಡ್ಡ ಯೋಜನೆ ನಡೀತು.

ಒಳಗಿನ ಎರಡು ಚೀಲ ಪಾಲಿಥಿನ್, ಹೊರಗಿನದು ನಾವು ಗೊಬ್ಬರದ ಚೀಲದಲ್ಲಿ ನೋಡೋ ನೇಯ್ದ ಪ್ಲಾಸ್ಟಿಕ್. ಪಾಲಿಥಿನ್ ಹುಟ್ಟಿದ್ದು 1933ರಲ್ಲಿ, ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ. ಗಿಬ್ಸನ್, ಫಾಸೆಟ್ ಅನ್ನೋ ಇಬ್ಬರು ಬೇರೇನೋ ಮಾಡೋಕೆ ಹೋದಾಗ ಪಾತ್ರೆಯಲ್ಲಿ ಮೇಣದಂಥ ಬಿಳಿ ವಸ್ತು ಸಿಕ್ತು. ಈ ಚೀಲಕ್ಕೆ ಹಾಕೋದು ಅದಕ್ಕಿಂತ ಗಟ್ಟಿಯಾದ, ಗಾಳಿ ಕಡಿಮೆ ಬಿಡೋ ಜಾತಿ. ಅದನ್ನ 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಮಾಡಿದರು. ಹೊರಚೀಲದ ಪಾಲಿಪ್ರೊಪಿಲೀನ್ ಮೇಲೆ 1954ರಲ್ಲಿ ಕೆಲಸ ಮಾಡಿದವರು ಇಟಲಿಯ ಜೂಲಿಯೋ ನಾಟ್ಟಾ. 1963ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಕೊಟ್ಟರು. ಒಳಪದರ ಗಾಳಿ ತಡೆಯುತ್ತೆ, ಹೊರಪದರ ಭಾರ ತಡೆಯುತ್ತೆ. ಒಂದರಿಂದ ಆಗದ್ದು ಜೊತೆಗೂಡಿ ಆಗುತ್ತೆ.

ಹುಳ ಸಾಯೋದು ಹೇಗೆ? ಮೊಟ್ಟೆ ಹೊಲದಲ್ಲೇ ಕಾಯಿ ಮೇಲೆ ಬಂದಿರುತ್ತೆ. ಚೀಲ ಕಟ್ಟಿದ ಮೇಲೆ ಒಳಗಿನ ಹುಳ ಉಸಿರಾಡಿ ಇರೋ ಆಮ್ಲಜನಕ ತಾನೇ ಖಾಲಿ ಮಾಡುತ್ತೆ. ಆಗ ತಿನ್ನೋದು ನಿಲ್ಲಿಸುತ್ತೆ. ಒಣಕಾಳಿನಲ್ಲಿ ಬದುಕೋ ಹುಳಕ್ಕೆ ನೀರು ಸಿಗೋದೇ ತಿಂದದ್ದು ಕರಗುವಾಗ. ತಿನ್ನದೆ ನೀರಿಲ್ಲ, ಒಣಗಿ ಸಾಯುತ್ತೆ.

ಇದನ್ನ ಓದಿದಾಗ ನನಗೆ ನಮ್ಮಜ್ಜನ ಹಗೇವು ನೆನಪಾಯ್ತು. ಬಾಯಿ ಮುಚ್ಚಿ ಮಣ್ಣು ಮೆತ್ತಿದ್ರೆ ಜೋಳ ವರ್ಷಗಟ್ಟಲೆ ಇರ್ತಿತ್ತು. ತೆಗೆದ ತಕ್ಷಣ ಯಾರೂ ಇಳೀತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು, ಆರಿದ್ರೆ ಕಾಯ್ತಿದ್ರು. ಅವಸರ ಮಾಡಿ ಇಳಿದು ಸತ್ತವರ ಸುದ್ದಿ ನೀವೂ ಕೇಳಿರ್ತೀರಿ. ಮನುಷ್ಯನ ಉಸಿರು ಕಟ್ಟಿಸಿದ ಆ ಗಾಳಿಯೇ ಹುಳದ ಉಸಿರನ್ನೂ ಕಟ್ಟಿಸ್ತಿತ್ತು. ವಿದ್ಯೆ ನಮ್ಮಲ್ಲೇ ಇತ್ತು. ಹಗೇವು ಮುಚ್ಚಿದ್ವಿ, ಅದರ ಜಾಗಕ್ಕೆ ವಿಷದ ಗುಳಿಗೆ ತಂದು ಮಕ್ಕಳು ಮಲಗೋ ಮನೆಯೊಳಗೆ ಇಡ್ತಿದೀವಿ. ನನಗೆ ಸಂಕಟ ಆಗೋದು ಇದಕ್ಕೆ.

ಕಟ್ಟೋ ಕ್ರಮ ಇಷ್ಟೇ. ಕಾಳು ಹಲ್ಲಲ್ಲಿ ಕಚ್ಚಿದ್ರೆ ಕಟ್ ಅನ್ನೋ ಹಾಗೆ ಒಣಗಿರಬೇಕು, ಹಸಿ ಇದ್ರೆ ಬೂಷ್ಟು ಹಿಡಿಯುತ್ತೆ. ಒಳಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ಬಾಯಿ ತಿರುಚಿ, ಮಡಚಿ ಬಿಗಿಯಾಗಿ ಕಟ್ಟಿ. ಎರಡನೆಯದನ್ನೂ ಹಾಗೇ, ಆಮೇಲೆ ಹೊರಗಿನದು. ಪದೇ ಪದೇ ಬಿಚ್ಚಬೇಡಿ. ಇಲಿಯಿಂದ ಕಾಪಾಡಿ, ಸಣ್ಣ ತೂತಾದ್ರೂ ಕೆಲಸ ಕೆಟ್ಟಂತೆ.

ಈ ಸಲ ನನ್ನ ಬೀಜ ಹೀಗೇ ಕಟ್ಟಿಟ್ಟಿದೀನಿ. ಮುಂಗಾರಿಗೆ ಬಿಚ್ಚಿದಾಗ ಹೇಗಿದೆಯೋ ಹಾಗೇ, ಒಳ್ಳೇದೋ ಕೆಟ್ಟದ್ದೋ, ಇಲ್ಲೇ ಬರೀತೀನಿ.