ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಪ್ರಯಾಣಿಕನೂ ಅವನ ದಾರಿಯ ತಿಳಿವಳಿಕೆಯೂ

ಪ್ರವಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪ್ರವಾಸಿಯು ಕಂಡ ಸಂಗತಿಗಳನ್ನು ಕುರಿತು ಬರೆಯುತ್ತಾರೆ. ಅವನು ಹೊರಡುವ ಮುನ್ನ ಏನನ್ನು ತಿಳಿದಿದ್ದನು, ಆ ತಿಳಿವಳಿಕೆ ಅವನಿಗೆ ಎಲ್ಲಿಂದ ದೊರೆಯಿತು, ಅದಕ್ಕಾಗಿ ಅವನು ಏನನ್ನು ತೆರಬೇಕಾಯಿತು ಎಂಬ ಪ್ರಶ್ನೆಗಳು ಹಿಂದುಳಿದುಬಿಡುತ್ತವೆ. ಹಣವುಳ್ಳವನಿಗೆ ಈ ಪ್ರಶ್ನೆಗಳು ಅಷ್ಟಾಗಿ ಬಾಧಿಸುವುದಿಲ್ಲ; ದಾರಿ ತಪ್ಪಿದರೆ ಅವನು ಮತ್ತೊಂದು ಗಾಡಿಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ಮಿತವಾದ ಹಣವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಯಾರ ಆಶ್ರಯವೂ ಇಲ್ಲದೆ ತಾನೇ ಹೊರಡುವವನಿಗೆ ಮಾತ್ರ ದಾರಿಯ ತಿಳಿವಳಿಕೆಯೇ ಅರ್ಧ ಬುತ್ತಿ. ಈ ದೃಷ್ಟಿಯಿಂದ ತುಮಕೂರು, ಗುಬ್ಬಿ, ಕುಣಿಗಲ್ ಪ್ರದೇಶದ ಎರಡು ಶತಮಾನಗಳ ಅನುಭವವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇಂದು ಅಂತರಜಾಲದಲ್ಲಿ ಪರದೇಶ ಪ್ರಯಾಣಕ್ಕೆ ಒದಗಿರುವ ಸಾಧನಗಳನ್ನೂ ಇದೇ ಚರಿತ್ರೆಯ ಮುಂದುವರಿಕೆಯೆಂದೇ ಇಲ್ಲಿ ಗಣಿಸಿದೆ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸಂಚರಿಸಿದನು. ೧೮೦೦ರಲ್ಲಿ ಅವನು ತುಮಕೂರು, ಗುಬ್ಬಿಗಳನ್ನು ಹಾದುಹೋದನು. ಅವನ ದಿನಚರಿಯು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂತಹ ಊರಿನಿಂದ ಇಂತಹ ಊರಿಗೆ ಇಷ್ಟು ‘ಸುಲ್ತಾನಿ ಕೋಸು’ ನಡೆದೆ ಎಂದು ಅವನು ಮಜಲು ಮಜಲಾಗಿ ಬರೆದಿಟ್ಟಿದ್ದಾನೆ. ಗುಬ್ಬಿಯ ಸಂತೆ, ಅಲ್ಲಿನ ಅಡಕೆ ಮತ್ತು ತೆಂಗಿನ ವ್ಯಾಪಾರ, ವರ್ತಕರ ರೀತಿನೀತಿ ಮೊದಲಾದುವೆಲ್ಲ ಅವನ ಬರೆಹದಲ್ಲಿ ಸೇರಿವೆ. ಈ ಗ್ರಂಥದ ಉಪಯುಕ್ತತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಂದು ಮಾತನ್ನು ಇಲ್ಲಿ ಹೇಳಬೇಕು. ಬುಕಾನನ್ ಈ ವಿಷಯಗಳನ್ನು ಕಂಡುಹಿಡಿಯಲಿಲ್ಲ, ಕೇಳಿ ತಿಳಿದನು. ಗುಬ್ಬಿಯ ವರ್ತಕನಿಗೆ ಯಾವ ಕಣಿವೆಯಲ್ಲಿ ಎತ್ತಿಗೆ ನೀರು ಸಿಕ್ಕುತ್ತದೆ, ಯಾವ ಊರಿನ ಚಾವಡಿಯಲ್ಲಿ ಹೇರನ್ನು ಇಳಿಸಬಹುದು, ಎಲ್ಲಿ ಸುಂಕದ ಕಟ್ಟೆಯಿದೆ ಎಂಬುದು ಬಾಯಿಪಾಠವಾಗಿತ್ತು. ಆ ತಿಳಿವಳಿಕೆಯು ಗುಬ್ಬಿಯಿಂದ ಲಂಡನ್ನಿಗೆ ಹೋಗಿ, ಬೆಲೆಬಾಳುವ ಆಂಗ್ಲ ಗ್ರಂಥವಾಯಿತು. ಗುಬ್ಬಿಗೆ ಮರಳಿ ಬರಲಿಲ್ಲ. ದಾರಿಯನ್ನು ಬಲ್ಲವನೊಬ್ಬ, ಅದನ್ನು ಬರೆದವನೊಬ್ಬ, ಓದಿದವನು ಮೂರನೆಯವನು. ಈ ಅಂತರವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳು ಸುಲಭವಾಗಿ ತಿಳಿಯುತ್ತವೆ.

ಸಾಮಾನ್ಯ ಪ್ರಯಾಣಿಕನ ಆಸರೆಗಳು ಬೇರೆಯೇ ಆಗಿದ್ದುವು. ಛತ್ರ, ಅರವಟ್ಟಿಗೆ, ದೇವಾಲಯದ ಮಂಟಪ, ಮುಸಾಫಿರಖಾನೆ, ಊರ ಚಾವಡಿ, ಮಠ ಇವೇ ಅವನ ಬಂಗಲೆಗಳು. ದಾರಿಯ ಅಳತೆಯೂ ಮೈಲಿಯಲ್ಲ, ಹರದಾರಿ. ‘ಹೊತ್ತು ಇಳಿಯುವುದರೊಳಗೆ ಇಂತಹ ಛತ್ರ ಮುಟ್ಟಬೇಕು’ ಎಂಬುದೇ ಅವನ ವೇಳಾಪಟ್ಟಿ. ಶಾಸನಗಳಲ್ಲಿ ಅರವಟ್ಟಿಗೆಗೂ ಸತ್ರಕ್ಕೂ ಭೂಮಿಯನ್ನು ಬಿಟ್ಟ ಉಲ್ಲೇಖಗಳು ಕನ್ನಡ ನಾಡಿನಾದ್ಯಂತ ದೊರೆಯುತ್ತವೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು ೧೯೦೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟದಲ್ಲಿ ಪ್ರಕಟಿಸಿದರು.

ಅದೇ ರೈಸರು ಸಿದ್ಧಪಡಿಸಿದ ಮೈಸೂರು ಗ್ಯಾಸೆಟಿಯರು, ಅದರಲ್ಲಿಯೂ ೧೮೯೭ರ ಪರಿಷ್ಕೃತ ಆವೃತ್ತಿಯ ಎರಡನೆಯ ಸಂಪುಟ, ನಮ್ಮ ದೃಷ್ಟಿಯಿಂದ ಕುತೂಹಲಕರವಾದುದು. ಪ್ರತಿ ಜಿಲ್ಲೆಯ ವರ್ಣನೆಯ ಜೊತೆಗೆ ರಸ್ತೆಗಳ ವಿವರ, ಅವುಗಳ ಮೈಲಿಗಳ ಲೆಕ್ಕ, ಪ್ರಯಾಣಿಕರ ಬಂಗಲೆಗಳ ಪಟ್ಟಿ ದೊರೆಯುತ್ತವೆ. ಬಂಗಲೆಗಳನ್ನು ಸೌಕರ್ಯಕ್ಕೆ ಅನುಗುಣವಾಗಿ ಒಂದನೆಯ, ಎರಡನೆಯ, ಮೂರನೆಯ ತರಗತಿಗಳೆಂದು ವಿಂಗಡಿಸಿದೆ. ಇದು ಆಡಳಿತ ಗ್ರಂಥವಾದರೂ ಪ್ರಯಾಣದ ಕೈಪಿಡಿಯ ಕೆಲಸವನ್ನೂ ಮಾಡುತ್ತಿತ್ತು. ಆದರೆ ಯಾರಿಗೆ? ಆಂಗ್ಲ ಭಾಷೆಯನ್ನು ಬಲ್ಲ, ಬಂಗಲೆಯಲ್ಲಿ ಇಳಿಯುವ ಅಂತಸ್ತುಳ್ಳ ಅಧಿಕಾರಿಗೆ. ಯೆಡಿಯೂರಿಗೆ ಹರಕೆ ತೀರಿಸಲು ಕಾಲ್ನಡಿಗೆಯಲ್ಲಿ ಹೊರಟ ಒಕ್ಕಲಿಗನಿಗೆ ಅದರ ಅಸ್ತಿತ್ವವೇ ತಿಳಿದಿರಲಿಲ್ಲ.

ಛತ್ರಗಳನ್ನು ಹೊಗಳುವುದು ನಮ್ಮಲ್ಲಿ ರೂಢಿಯಾಗಿದೆ. ಆ ಹೊಗಳಿಕೆಯಲ್ಲಿ ಅರ್ಧ ಸತ್ಯ ಮಾತ್ರವಿದೆ. ಅನೇಕ ಛತ್ರಗಳಲ್ಲಿ ಊಟವು ಜಾತಿಯನ್ನು ಅನುಸರಿಸಿ ನಡೆಯುತ್ತಿತ್ತು. ಅಸ್ಪೃಶ್ಯನೆನಿಸಿಕೊಂಡವನಿಗೆ ಒಳಗೆ ಪ್ರವೇಶವಿರಲಿಲ್ಲ, ಬಾವಿಯೂ ಅವನದಲ್ಲ. ಅವನ ಪಾಲಿಗೆ ದಾರಿಯ ತಿಳಿವಳಿಕೆ ಎಂದರೆ ಎಲ್ಲಿ ತಂಗಬಾರದು ಎಂಬುದರ ತಿಳಿವಳಿಕೆ. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು ಹೆಸರು ಹಿಡಿದೇ ಉಲ್ಲೇಖಿಸಿ, ಅಲ್ಲಿ ಯಾರನ್ನೂ ತಡೆಯುವುದು ಶಿಕ್ಷಾರ್ಹವೆಂದು ವಿಧಿಸಿತು. ಕಾನೂನನ್ನು ಮಾಡುವವರು ಇಂತಹ ಸ್ಥಳಗಳನ್ನು ಬಿಡಿಬಿಡಿಯಾಗಿ ಹೆಸರಿಸಬೇಕಾಯಿತೆಂಬುದೇ ಹಿಂದಿನ ಸ್ಥಿತಿಗೆ ಸಾಕ್ಷಿ.

ಈ ಹಿನ್ನೆಲೆಯಲ್ಲಿ ಸೀಮೆಯ ಮಠಗಳ ದಾಸೋಹ ಸಂಪ್ರದಾಯಕ್ಕೆ ವಿಶೇಷವಾದ ಸ್ಥಾನವಿದೆ. ಕುಣಿಗಲ್ ತಾಲ್ಲೂಕಿನ ಯೆಡಿಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಕ್ಷೇತ್ರವೂ, ತುಮಕೂರಿನ ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗೆಯೂ ಹಸಿದು ಬಂದವನಿಗೆ ಅನ್ನವಿಡುವ ಸ್ಥಳಗಳೆಂದು ಪ್ರಖ್ಯಾತವಾಗಿವೆ. ೧೯೪೧ರಿಂದ ಸಿದ್ಧಗಂಗೆಯ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು (೧೯೦೭–೨೦೧೯) ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ವಿಸ್ತರಿಸಿ, ಜಾತಿಮತಗಳನ್ನು ಕೇಳದೆ ಮಕ್ಕಳನ್ನು ಸೇರಿಸಿಕೊಂಡರು. ಪ್ರಯಾಣಿಕನಿಗೆ ಇದರಲ್ಲಿ ಒದಗಿದ ಲಾಭವು ಊಟ ಮಾತ್ರವಲ್ಲ. ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವನು ಎಲ್ಲಿಂದ ಬಂದ, ಮುಂದೆ ಎಲ್ಲಿಗೆ ಹೋಗುತ್ತಾನೆ, ಆ ದಾರಿಯ ಸ್ಥಿತಿಯೇನು ಎಂಬ ವಿಚಾರಗಳೆಲ್ಲ ಅಲ್ಲಿಯೇ ವಿನಿಮಯವಾಗುತ್ತಿದ್ದುವು.

೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲುದಾರಿ ತೆರೆಯಿತು; ಅದು ಗುಬ್ಬಿಯನ್ನು ದಾಟಿ ಅರಸೀಕೆರೆ, ಹರಿಹರಗಳ ಮೂಲಕ ಅದೇ ದಶಕದೊಳಗೆ ಹುಬ್ಬಳ್ಳಿಯನ್ನು ಸೇರಿತು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಸ್ಥಾಪಿತವಾದುದೂ ಅದೇ ೧೮೮೪ರಲ್ಲಿ ಎಂಬುದನ್ನು ಪ್ರಾಸಂಗಿಕವಾಗಿ ಸೂಚಿಸಬಹುದು. ರೈಲು ಬಂದಮೇಲೆ ಮುದ್ರಿತ ವೇಳಾಪಟ್ಟಿ ಬಂದಿತು. ಮೂರನೆಯ ದರ್ಜೆಯ ದರವನ್ನು ಮೊದಲೇ ತಿಳಿದು, ಖರ್ಚನ್ನು ಆಣೆ ಪೈಗಳ ಲೆಕ್ಕದಲ್ಲಿ ಮುಂಚಿತವಾಗಿ ಗೊತ್ತುಪಡಿಸಿಕೊಳ್ಳುವುದು ಸಾಧ್ಯವಾಯಿತು. ಕುಣಿಗಲ್ಲಿನ ಕಥೆ ಬೇರೆ. ತುಮಕೂರಿನಿಂದ ಹತ್ತಾರು ಮೈಲಿಯಷ್ಟೇ ದೂರವಿರುವ ಆ ಪಟ್ಟಣವು ರಸ್ತೆಯನ್ನೇ ನೆಚ್ಚಿಕೊಂಡಿತು. ಬೆಂಗಳೂರು–ಹಾಸನ ರೈಲುಮಾರ್ಗವು ಕುಣಿಗಲ್ ಮೂಲಕ ಸಂಚಾರಕ್ಕೆ ಪೂರ್ಣವಾಗಿ ತೆರೆದುದು ೨೦೧೭ರಲ್ಲಿ, ಎಂದರೆ ತುಮಕೂರು ರೈಲನ್ನು ಕಂಡ ೧೩೩ ವರ್ಷಗಳ ತರುವಾಯ. ಈ ನಡುವಣ ಅವಧಿಯಲ್ಲಿ ಕುಣಿಗಲ್ಲಿನವರ ವೇಳಾಪಟ್ಟಿ ಎಂದರೆ ಬಸ್ ನಿಲ್ದಾಣದ ಹಲಗೆ ಮತ್ತು ಕಂಡಕ್ಟರನ ಮಾತು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ೧೯೪೮ರಲ್ಲಿ ಪ್ರಾರಂಭವಾಗಿ, ೧೯೬೧ರಲ್ಲಿ ನಿಗಮವಾಯಿತು. ೨೦೨೩ರ ಜೂನ್ ೧೧ರಿಂದ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರ ಪ್ರಯಾಣವು ಉಚಿತವಾಗಿದೆ. ಮಿತವ್ಯಯದ ಪ್ರಯಾಣದ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಇನ್ನು ಪರದೇಶದ ವಿಚಾರ. ಬಡವನಾದ ಭಾರತೀಯನು ಸ್ವಇಚ್ಛೆಯಿಂದ ವಿದೇಶಕ್ಕೆ ಹೊರಡುವುದಕ್ಕೆ ಬಹುಕಾಲ ಅಡ್ಡಿಯಾಗಿದ್ದುದು ಸಮುದ್ರವಲ್ಲ, ಕಾಗದ. ಪಾಸ್‌ಪೋರ್ಟನ್ನು ಕೊಡುವುದೂ ಬಿಡುವುದೂ ಸರ್ಕಾರದ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ೧೯೬೭ರಲ್ಲಿ ಸತ್ವಂತ್ ಸಿಂಗ್ ಸಾಹ್ನೀ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪರದೇಶಕ್ಕೆ ಹೋಗುವ ಹಕ್ಕು ಸಂವಿಧಾನದ ೨೧ನೆಯ ಅನುಚ್ಛೇದದ ವ್ಯಕ್ತಿಸ್ವಾತಂತ್ರ್ಯದಲ್ಲಿ ಅಡಕವಾಗಿದೆಯೆಂದು ತೀರ್ಪಿತ್ತ ಬಳಿಕ, ಅದೇ ವರ್ಷ ಪಾಸ್‌ಪೋರ್ಟ್ ಅಧಿನಿಯಮವು ಜಾರಿಗೆ ಬಂದಿತು. ಹಕ್ಕು ಬಂದರೂ ಹಣ ಬರಲಿಲ್ಲ. ವಿದೇಶೀ ವಿನಿಮಯದ ಅಭಾವದಿಂದಾಗಿ ಆ ಕಾಲದಲ್ಲಿ ಹೊರಟವರು ಎಂಟು ಡಾಲರುಗಳನ್ನು ಜೇಬಿನಲ್ಲಿಟ್ಟುಕೊಂಡು ವಿಮಾನವನ್ನೇರಿದ ಕಥೆಗಳು ಒಂದು ತಲೆಮಾರಿನ ನೆನಪಿನಲ್ಲಿವೆ. ರಿಜರ್ವ್ ಬ್ಯಾಂಕು ೨೦೦೪ರಲ್ಲಿ ಉದಾರೀಕೃತ ಹಣಸಾಗಣೆಯ ಏರ್ಪಾಡನ್ನು ತಂದಮೇಲೆ ಈ ಕಟ್ಟು ಸಡಿಲವಾಯಿತು.

ಆದುದರಿಂದ ಕನ್ನಡದ ಮೊದಲ ತಲೆಮಾರಿನ ವಿದೇಶ ಪ್ರವಾಸ ಕಥನಗಳು ಪ್ರಾಯಶಃ ವಿದ್ಯಾರ್ಥಿ, ವಿದ್ವಾಂಸ ಅಥವಾ ಅತಿಥಿಯ ಕಥನಗಳೇ ಆಗಿರುವುದು ಸಹಜ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಬಿ. ಜಿ. ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’, ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ಇವು ಸಾಹಿತ್ಯವಾಗಿ ಉತ್ತಮ ಕೃತಿಗಳು. ಓದಿದವನಿಗೆ ಹೋಗಬೇಕೆಂಬ ಆಸೆ ಹುಟ್ಟುತ್ತದೆ. ಹೇಗೆ ಹೋಗಬೇಕು, ದಿನವೊಂದಕ್ಕೆ ಎಷ್ಟು ಬೇಕು, ಎಲ್ಲಿ ಅಗ್ಗವಾಗಿ ಮಲಗಬಹುದು ಎಂಬುದನ್ನು ಹೇಳುವುದು ಅವುಗಳ ಉದ್ದೇಶವಲ್ಲ. ಆಂಗ್ಲದಲ್ಲಿಯಾದರೋ ಆರ್ಥರ್ ಫ್ರೋಮರನು ೧೯೫೭ರಲ್ಲಿ ದಿನಕ್ಕೆ ಐದು ಡಾಲರುಗಳಲ್ಲಿ ಯೂರೋಪನ್ನು ನೋಡುವ ಬಗೆಯನ್ನು ಬರೆದನು. ೧೯೭೩ರಲ್ಲಿ ಟೋನಿ ಮತ್ತು ಮೊರೀನ್ ವೀಲರ್ ದಂಪತಿಗಳು ಏಷ್ಯಾ ಖಂಡವನ್ನು ಅಗ್ಗವಾಗಿ ದಾಟುವ ಕ್ರಮವನ್ನು ಪ್ರಕಟಿಸಿ ‘ಲೋನ್ಲಿ ಪ್ಲಾನೆಟ್’ ಮಾಲೆಯನ್ನು ಪ್ರಾರಂಭಿಸಿದರು. ಇವೂ ಪಶ್ಚಿಮದ ಪಾಸ್‌ಪೋರ್ಟು ಮತ್ತು ಡಾಲರನ್ನು ಗೃಹೀತ ಹಿಡಿದೇ ಬರೆದ ಗ್ರಂಥಗಳು. ವೀಸಾಕ್ಕಾಗಿ ಬ್ಯಾಂಕಿನ ಲೆಕ್ಕಪತ್ರ, ನೌಕರಿಯ ಪತ್ರಗಳನ್ನು ಜೋಡಿಸಬೇಕಾದ ಗುಬ್ಬಿಯ ಉಪಾಧ್ಯಾಯನು ಇವರ ಓದುಗರ ಎಣಿಕೆಯಲ್ಲಿರಲಿಲ್ಲ.

ಅಂತರಜಾಲವು ಈ ಸ್ಥಿತಿಯನ್ನು ಎಷ್ಟರಮಟ್ಟಿಗೆ ಬದಲಿಸಿದೆ? ಬಹಳಷ್ಟು ಬದಲಿಸಿದೆಯೆಂದೇ ಹೇಳಬೇಕು. ೨೦೦೨ರಲ್ಲಿ ರೈಲು ಟಿಕೇಟು ಅಂತರಜಾಲದಲ್ಲಿ ದೊರೆಯಲು ಮೊದಲಾಯಿತು. ಪಾಸ್‌ಪೋರ್ಟಿನ ಅರ್ಜಿಯನ್ನು ಈಗ ಮನೆಯಲ್ಲಿ ಕುಳಿತೇ ಸಲ್ಲಿಸಬಹುದು. ೨೦೧೭ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ಗಳಲ್ಲಿ ಮೊದಲ್ಗೊಂಡ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳ ಯೋಜನೆಯಿಂದ ಜಿಲ್ಲೆಯ ಪಟ್ಟಣಗಳವರಿಗೆ ರಾಜಧಾನಿಯ ತಿರುಗಾಟ ಕಡಿಮೆಯಾಗಿದೆ. ನಿವೃತ್ತ ರೈಲ್ವೆ ನೌಕರನಲ್ಲದಿದ್ದರೂ ರೈಲ್ವೆಯಲ್ಲಿಯೇ ಪಳಗಿದ ಮಾರ್ಕ್ ಸ್ಮಿತ್ ಎಂಬ ಆಂಗ್ಲನು ೨೦೦೧ರಲ್ಲಿ ತೆರೆದ ‘ಸೀಟ್ ಸಿಕ್ಸ್ಟಿ ಒನ್’ ಎಂಬ ತಾಣವು ದೇಶದೇಶಗಳ ರೈಲುಗಳ ಮಾರ್ಗ, ದರ, ಟಿಕೇಟು ಕೊಳ್ಳುವ ಬಗೆಗಳನ್ನು ವಿವರಿಸುತ್ತದೆ. ಒಬ್ಬನೇ ಮನುಷ್ಯನ ಶ್ರಮದಿಂದ ಇಷ್ಟು ಕಾರ್ಯ ನಡೆದುದು ಆಶ್ಚರ್ಯಕರ. ೨೦೦೪ರಲ್ಲಿ ಆರಂಭವಾದ ‘ಓಪನ್ ಸ್ಟ್ರೀಟ್ ಮ್ಯಾಪ್’ ಸ್ವಯಂಸೇವಕರು ರಚಿಸುವ ಭೂಪಟ; ಅದನ್ನು ಮೊದಲೇ ಇಳಿಸಿಕೊಂಡರೆ ಪರದೇಶದಲ್ಲಿ ಸಂಪರ್ಕಕ್ಕೆ ಹಣ ತೆರದೆ ದಾರಿ ಹಿಡಿಯಬಹುದು. ‘ವಿಕಿವಾಯೇಜ್’ ಎಂಬ ಉಚಿತ ಕೈಪಿಡಿಯನ್ನು ೨೦೧೩ರ ಜನವರಿಯಿಂದ ವಿಕಿಮೀಡಿಯ ಸಂಸ್ಥೆಯು ನಡೆಸುತ್ತಿದೆ.

ಅಪರಿಚಿತನ ಮನೆಯಲ್ಲಿ ಹಣವಿಲ್ಲದೆ ತಂಗುವ ಏರ್ಪಾಡು ನಮ್ಮ ದಾಸೋಹದ ದೂರದ ನೆಂಟನಂತೆ ಕಾಣುತ್ತದೆ. ೧೯೪೯ರಲ್ಲಿ ಡೆನ್ಮಾರ್ಕಿನಲ್ಲಿ ಶಾಂತಿಯ ಉದ್ದೇಶದಿಂದ ಹುಟ್ಟಿದ ‘ಸರ್ವಾಸ್’ ಸಂಘವು ಮನೆ ತೆರೆದಿಡುವವರ ಪಟ್ಟಿಗಳನ್ನು ಹಂಚುತ್ತಿತ್ತು. ೨೦೦೪ರ ‘ಕೌಚ್‌ಸರ್ಫಿಂಗ್’ ಇದನ್ನೇ ಅಂತರಜಾಲಕ್ಕೆ ತಂದಿತು. ೨೦೨೦ರಲ್ಲಿ ಅನೇಕ ದೇಶಗಳಲ್ಲಿ ಸದಸ್ಯರಿಂದ ಶುಲ್ಕವನ್ನು ಕೇಳತೊಡಗಿತು. ಉಚಿತವೆಂದು ಲಕ್ಷಾಂತರ ಜನರು ಬರೆದು ಬೆಳೆಸಿದುದು ಒಂದು ದಿನ ಬಾಗಿಲು ಹಾಕಿಕೊಳ್ಳಬಹುದೆಂಬುದಕ್ಕೆ ಇದು ನಿದರ್ಶನ. ಛತ್ರಗಳ ದತ್ತಿ ಬತ್ತಿದ ಕಥೆಗಿಂತ ಇದು ಬಹಳ ಭಿನ್ನವಲ್ಲ.

ಮಿತವ್ಯಯಿಯು ಎಚ್ಚರ ವಹಿಸಬೇಕಾದುದು ಮುಖ್ಯವಾಗಿ ತಿಳಿವಳಿಕೆಯ ವಯಸ್ಸಿನಲ್ಲಿ. ಥಾಯ್ಲೆಂಡು ೨೦೨೩ರ ನವೆಂಬರಿನಲ್ಲಿ ಭಾರತೀಯರಿಗೆ ವೀಸಾದಿಂದ ವಿನಾಯಿತಿ ಕೊಟ್ಟು, ೨೦೨೪ರ ಜುಲೈಯಲ್ಲಿ ಅದರ ಅವಧಿಯನ್ನು ಅರವತ್ತು ದಿನಗಳಿಗೆ ಏರಿಸಿತು. ಷೆಂಗೆನ್ ದೇಶಗಳ ವೀಸಾ ಶುಲ್ಕವು ೨೦೨೪ರ ಜೂನಿನಲ್ಲಿ ೮೦ರಿಂದ ೯೦ ಯೂರೋಗಳಿಗೆ ಏರಿತು. ಭೂತಾನವು ೨೦೨೨ರ ಸೆಪ್ಟೆಂಬರಿನಿಂದ ಭಾರತೀಯರ ಮೇಲೆ ರಾತ್ರಿಯೊಂದಕ್ಕೆ ೧೨೦೦ ರೂಪಾಯಿಗಳ ಶುಲ್ಕವನ್ನು ವಿಧಿಸಿದೆ. ಇವುಗಳಲ್ಲಿ ಯಾವುದೊಂದನ್ನು ಹಳೆಯ ಪುಟದಲ್ಲಿ ಓದಿ ಹೊರಟರೂ ಸಾಲದ ಹಣವೇ ಕೈಬಿಡುತ್ತದೆ. ಆದುದರಿಂದ ಅನುಭವಿಗಳ ಬರೆಹದಿಂದ ದಾರಿಯನ್ನೂ, ಆಯಾ ಸರ್ಕಾರದ ಅಥವಾ ರಾಯಭಾರ ಕಚೇರಿಯ ತಾಣದಿಂದ ನಿಯಮವನ್ನೂ, ಸಾರಿಗೆ ಸಂಸ್ಥೆಯಿಂದಲೇ ದರವನ್ನೂ ತಿಳಿಯುವುದು ಉಚಿತ. ಮೊದಲ ಪರದೇಶ ಪ್ರಯಾಣಕ್ಕೆ ನೇಪಾಳವೇ ಸುಲಭವೆಂದು ನಮ್ಮ ಅಭಿಪ್ರಾಯ: ಅಲ್ಲಿಗೆ ಭಾರತೀಯನಿಗೆ ವೀಸಾ ಬೇಡ, ವಿಮಾನದಲ್ಲಿಯೂ ಮತದಾರರ ಗುರುತಿನ ಚೀಟಿ ನಡೆಯುತ್ತದೆ, ಪಶುಪತಿನಾಥನ ಪೂಜೆಯನ್ನು ಮಾಡುವ ಭಟ್ಟರಲ್ಲಿ ಕರ್ನಾಟಕದಿಂದ ಹೋದವರಿದ್ದಾರೆ.

ಭಾಷೆಯ ಪ್ರಶ್ನೆ ಮಾತ್ರ ಬುಕಾನನ್ನನ ಕಾಲದಿಂದ ಹೆಚ್ಚು ಮುಂದುವರಿದಿಲ್ಲ. ಕನ್ನಡ ವಿಕಿಪೀಡಿಯ ೨೦೦೩ರಿಂದ ಇದೆ. ವಿಕಿವಾಯೇಜಿಗೆ ಹಿಂದಿ, ಬಂಗಾಳಿ ಆವೃತ್ತಿಗಳಿವೆ, ಕನ್ನಡದ್ದು ಇಲ್ಲ. ಓಪನ್ ಸ್ಟ್ರೀಟ್ ಮ್ಯಾಪಿನಲ್ಲಿ ಪ್ರತಿ ಸ್ಥಳಕ್ಕೂ ಕನ್ನಡದ ಹೆಸರನ್ನು ಬೇರೆಯಾಗಿ ನಮೂದಿಸಲು ಅವಕಾಶವಿದ್ದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಶುಲ್ಕವೂ ಇಲ್ಲ. ಗುಬ್ಬಿಯ ಸಂತೆಮಾಳ, ಯೆಡಿಯೂರಿನ ದಾಸೋಹದ ಮನೆ, ಕುಣಿಗಲ್ ಕೆರೆಯ ಏರಿ ಇವುಗಳ ಹೆಸರನ್ನು ಅಲ್ಲಿಯವರೇ ಅಲ್ಲಿಯ ಮಾತಿನಲ್ಲಿ ಬರೆಯಬಹುದು.