ಕನ್ನಡಕ ಕಳಚುವ ವೃತ್ತಾಂತ

ನಮ್ಮ ಮನೆತನದಲ್ಲಿ ಕನ್ನಡಕವೆಂಬುದು ಪಿತ್ರಾರ್ಜಿತ ಆಸ್ತಿ. ನನ್ನ ತಂದೆಗೆ ಇತ್ತು. ನನಗೂ ನನ್ನ ಅಕ್ಕನಿಗೂ ಬಂತು. ಅಕ್ಕನ ಮಗಳಿಗೆ ಒಂಬತ್ತನೆಯ ವರ್ಷಕ್ಕೇ ಬಂತು. ಹೊಲಗದ್ದೆಯಾದರೆ ಪಾಲಾದಷ್ಟೂ ಸಣ್ಣದಾಗುತ್ತದೆ, ಈ ಆಸ್ತಿ ಪಾಲಾದಷ್ಟೂ ದಪ್ಪವಾಗುತ್ತದೆ. ಹೀಗಿರಲು ಕಳೆದ ಮಾಘಮಾಸದಲ್ಲಿ ಒಂದು ಸಂಜೆ ಅಕ್ಕನ ಮಗಳು ನಮ್ಮ ಮನೆಗೆ ಬಂದು, "ಮಾವ, ನಾನು ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳಬೇಕು, ಅಮ್ಮನನ್ನು ನೀವೇ ಒಪ್ಪಿಸಬೇಕು" ಎಂದಳು. ಅವಳಿಗೆ ಇಪ್ಪತ್ತಮೂರು ವರ್ಷ. ಎರಡು ಕಣ್ಣಿಗೂ ಮೈನಸ್ ಆರರ ಆಸುಪಾಸಿನ ಗಾಜು. ಗಂಡಿನ ಕಡೆಯವರೊಬ್ಬರು ಜಾತಕ ಕೂಡಿಬಂದ ಮೇಲೂ "ಹುಡುಗಿಗೆ ಕನ್ನಡಕ ಇದೆಯಲ್ಲ" ಎಂದು ರಾಗ ಎಳೆದಿದ್ದರು. ಹಾಗೆ ರಾಗ ಎಳೆದ ಗಂಡಿನ ತಾಯಿಯ ಮೂಗಿನ ಮೇಲೂ ಅದೇ ವಸ್ತು ಕುಳಿತಿತ್ತೆಂಬುದು ಬೇರೆಯ ಮಾತು.

ನಾನು ಕನ್ನಡ ಮೇಷ್ಟರು. ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳಬಲ್ಲೆನೇ ಹೊರತು ಕಣ್ಣಿನ ವಿಚಾರದಲ್ಲಿ ಬಾಯಿ ಹಾಕುವ ಅಧಿಕಾರ ನನಗಿಲ್ಲ. ಆದರೆ ಹೂಂ ಎನ್ನುವುದಕ್ಕೂ ಉಹೂಂ ಎನ್ನುವುದಕ್ಕೂ ಮುಂಚೆ ಅದರ ಪೂರ್ವೋತ್ತರ ತಿಳಿದುಕೊಳ್ಳಬೇಕೆಂಬ ಚಟ ನನ್ನ ಕಸುಬಿನಿಂದ ಬಂದಿದೆ. "ಹದಿನೈದು ದಿನ ಕೊಡು" ಎಂದೆ. ಆ ಹದಿನೈದು ದಿನದಲ್ಲಿ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ಎಷ್ಟೋ ಮನೆಗಳಲ್ಲಿ ಎದ್ದಿರಬಹುದು.

ಕಣ್ಣಿನೊಳಗೆ ಒಂದು ಮಸೂರವಿದೆ, ನೋಟವೆಲ್ಲ ಅದರಿಂದಲೇ ನಡೆಯುತ್ತದೆ ಎಂದು ಶಾಲೆಯಲ್ಲಿ ಕಲಿತ ನೆನಪು ನಮಗೆಲ್ಲ ಇದೆ. ಅದು ಅರ್ಧ ಸತ್ಯ. ಕಣ್ಣಿನ ಒಟ್ಟು ಶಕ್ತಿ ಸುಮಾರು ೬೦ ಡಯಾಪ್ಟರ್ ಆದರೆ ಅದರಲ್ಲಿ ೪೩ರಷ್ಟು ಕಾರ್ನಿಯಾ ಎಂಬ ಮುಂಭಾಗದ ಪಾರದರ್ಶಕ ಪಟಲದ್ದು. ಗಡಿಯಾರದ ಮೇಲಿನ ಗಾಜಿನಂತೆ ಕಣ್ಣಾಲಿಯ ಮುಂದೆ ಉಬ್ಬಿ ನಿಂತಿರುವ ಈ ಪಟಲದ ದಪ್ಪ ನಡುವಿನಲ್ಲಿ ಅರ್ಧ ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಸಮೀಪದೃಷ್ಟಿಯವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದ. ಬಿಂಬ ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡಿಬಿಡುತ್ತದೆ. ಕಾರ್ನಿಯಾದ ಉಬ್ಬನ್ನು ಒಂದಿಷ್ಟು ತಗ್ಗಿಸಿದರೆ ಬಿಂಬ ಹಿಂದೆ ಸರಿದು ತನ್ನ ಜಾಗಕ್ಕೆ ಬರುತ್ತದೆ. ಲೆಕ್ಕ ಇಷ್ಟೆ. ಲೆಕ್ಕ ಹಳೆಯದು, ಅದನ್ನು ಜೀವಂತ ಕಣ್ಣಿನ ಮೇಲೆ ಮಾಡಿ ತೋರಿಸುವುದಕ್ಕೆ ಹಿಡಿದ ಕಾಲ ಮಾತ್ರ ದೀರ್ಘವಾದದ್ದು. ಹಾಲೆಂಡಿನ ಲಾನ್ಸ್ ಎಂಬಾತ ೧೮೯೮ರಲ್ಲಿ ಮೊಲಗಳ ಕಾರ್ನಿಯಾದ ಮೇಲೆ ಗೆರೆ ಕೊಯ್ದು ಅದರ ಉಬ್ಬು ಬದಲಾಗುವುದನ್ನು ತೋರಿಸಿದ್ದ. ಮುಂದೆ ನಾಲ್ಕು ದಶಕ ಹೇಳಿಕೊಳ್ಳುವಂಥದು ನಡೆಯಲಿಲ್ಲ.

ಇಲ್ಲಿಂದ ಮುಂದಿನ ಕಥೆ ಜಪಾನಿನದು. ಟೋಕಿಯೋದ ಜುಂಟೆಂಡೋ ವಿದ್ಯಾಲಯದಲ್ಲಿ ತ್ಸುತೊಮು ಸಾಟೋ ಎಂಬ ಪ್ರಾಧ್ಯಾಪಕರಿದ್ದರು. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚುವ ರೋಗವೊಂದುಂಟು, ಕೆರಟೋಕೋನಸ್ ಎನ್ನುತ್ತಾರೆ. ಅಂಥ ಕೆಲವು ಕಣ್ಣುಗಳಲ್ಲಿ ಒಳಪೊರೆ ತಾನಾಗಿ ಬಿರಿದು, ಪಟಲ ನೀರು ತುಂಬಿ ಊದಿ, ಗಾಯ ಮಾಯ್ದ ಮೇಲೆ ಮೊದಲಿಗಿಂತ ಚಪ್ಪಟೆಯಾಗುವುದನ್ನು ಸಾಟೋ ೧೯೩೦ರ ದಶಕದಲ್ಲಿ ಗಮನಿಸಿದರು. ಪ್ರಕೃತಿ ಅಕಸ್ಮಾತ್ತಾಗಿ ಮಾಡುವುದನ್ನು ವೈದ್ಯ ಬೇಕೆಂದೇ ಮಾಡಿದರೇನು ಎಂದು ಅವರಿಗೆ ಹೊಳೆಯಿತು. ಕಾರ್ನಿಯಾದ ಒಳಮೈಯಲ್ಲೂ ಹೊರಮೈಯಲ್ಲೂ ಸಣ್ಣ ಸಣ್ಣ ಗೀರು ಕೊಯ್ದರು. ಉಬ್ಬು ತಗ್ಗಿತು, ಕನ್ನಡಕದ ನಂಬರು ಇಳಿಯಿತು. ನೂರಾರು ಕಣ್ಣುಗಳಿಗೆ ಈ ಚಿಕಿತ್ಸೆಯಾಯಿತು. ೧೯೫೩ರಲ್ಲಿ ಅಮೆರಿಕದ ಪ್ರತಿಷ್ಠಿತ ಪತ್ರಿಕೆಯಲ್ಲಿ ಅದರ ವರದಿಯೂ ಬಂತು.

ಅಂದು ಯಾರಿಗೂ ತಿಳಿಯದೆ ಇದ್ದ ಒಂದು ಸಂಗತಿಯಿತ್ತು. ಕಾರ್ನಿಯಾದ ಒಳಮೈಗೆ ಜೀವಕಣಗಳ ಒಂದೇ ಒಂದು ಹಾಸು ಇದೆ. ಪಟಲದೊಳಕ್ಕೆ ಇಳಿದ ನೀರನ್ನು ಹಗಲಿರುಳೂ ಹೊರಕ್ಕೆ ಎತ್ತಿಹಾಕುತ್ತ ಅದನ್ನು ತಿಳಿಯಾಗಿ ಇಡುವುದು ಆ ಹಾಸಿನ ಕೆಲಸ. ಮೊಲದ ಕಣ್ಣಿನಲ್ಲಿ ಈ ಕಣಗಳು ಹಾಳಾದರೆ ಮತ್ತೆ ಬೆಳೆಯುತ್ತವೆ. ಮನುಷ್ಯನ ಕಣ್ಣಿನಲ್ಲಿ ಹಾಗೆ ಬೆಳೆದು ತುಂಬಿಕೊಳ್ಳುವುದಿಲ್ಲ. ಸಾಟೋ ಅವರ ಚೂರಿ ಹಾದದ್ದು ಈ ಹಾಸಿನ ಮೇಲೆಯೇ. ವರ್ಷಗಳವರೆಗೆ ಏನೂ ಕಾಣಿಸಲಿಲ್ಲ. ಹತ್ತು, ಇಪ್ಪತ್ತು ವರ್ಷವಾದ ಮೇಲೆ ಪಟಲಗಳು ಒಂದೊಂದಾಗಿ ನೀರು ಕುಡಿದು ಮಂಜಾಗತೊಡಗಿದವು, ಮೇಲೆ ಗುಳ್ಳೆಗಳೆದ್ದವು. ಮುಂದೆ ಪರೀಕ್ಷಿಸಿ ನೋಡಿದವರಲ್ಲಿ ಬಹುಪಾಲು ಮಂದಿಗೆ ಈ ಗತಿಯೇ ಬಂದಿತ್ತು.

ಸಾಟೋ ಮೋಸಗಾರರಲ್ಲ. ಕಂಡದ್ದನ್ನು ಸರಿಯಾಗಿಯೇ ಕಂಡು, ತಮ್ಮ ಕಾಲದ ತಿಳಿವಳಿಕೆಯನ್ನು ಪ್ರಾಮಾಣಿಕವಾಗಿ ಉಪಯೋಗಿಸಿದರು. ನನ್ನನ್ನು ಕಾಡಿದವರು ಅವರ ರೋಗಿಗಳು. ಅವರಿಗೆ ಕುರುಡಿನ ಭಯವಿರಲಿಲ್ಲ. ಕನ್ನಡಕ ಹಾಕಿಕೊಂಡರೆ ಚೆನ್ನಾಗಿಯೇ ಕಾಣುತ್ತಿತ್ತು. ಕನ್ನಡಕ ಬೇಡವೆನಿಸಿತ್ತು, ಅಷ್ಟೆ. ಈ ಪುಟ ಓದಿದ ರಾತ್ರಿ ನಾನು ಅಕ್ಕನ ಪಕ್ಷಕ್ಕೆ ಪೂರ್ತಿ ವಾಲಿದ್ದೆ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಬಾರ್ಸಿಲೋನಾದಲ್ಲಿ ಹುಟ್ಟಿ ಕೊಲಂಬಿಯದ ಬೊಗೋಟಾದಲ್ಲಿ ನೆಲಸಿದ ಹೋಸೆ ಬರಾಕೇರ್ ೧೯೪೯ರಲ್ಲಿ ಬೇರೊಂದು ದಾರಿ ಸೂಚಿಸಿದರು. ಕಾರ್ನಿಯಾದ ಮೇಲ್ಭಾಗವನ್ನು ಬಿಲ್ಲೆಯಂತೆ ಕೊಯ್ದು ತೆಗೆಯುವುದು, ಅದನ್ನು ಹೆಪ್ಪುಗಟ್ಟಿಸಿ ಚರಕಿಗೆ ಕೊಟ್ಟು ಗಾಜಿನ ಮಸೂರದಂತೆ ಹೆರೆಯುವುದು, ಕರಗಿಸಿ ಮತ್ತೆ ಕಣ್ಣಿಗೆ ಹೊಲಿಯುವುದು! ಓದಿದಾಗ ಮೈ ಝುಂ ಎನ್ನುತ್ತದೆ. ಈ ವಿಧಾನಕ್ಕೆ ಗ್ರೀಕಿನಲ್ಲಿ ಅವರಿಟ್ಟ ಹೆಸರು ಕೆರಟೋಮಿಲ್ಯೂಸಿಸ್, ಎಂದರೆ ಕಾರ್ನಿಯಾವನ್ನು ಕೆತ್ತುವುದು. ಹೆಸರನ್ನು ನೆನಪಿಡಬೇಕು, ಮುಂದೆ ಮತ್ತೆ ಬರುತ್ತದೆ.

ಸಾಟೋ ಅವರ ಗೀರನ್ನು ಹೊರಮೈಗೆ ಮಾತ್ರ ಸೀಮಿತಗೊಳಿಸಿ, ಗಾಲಿಯ ಅರಗಳಂತೆ ಎಳೆದು ಹೆಸರಾದವರು ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೋದರೊವ್. ಕನ್ನಡಕ ಒಡೆದು ಗಾಜಿನ ಚೂರು ಕಣ್ಣಿಗೆ ತಗುಲಿದ ಹುಡುಗನೊಬ್ಬನಿಗೆ ಗಾಯ ಮಾಯ್ದ ಮೇಲೆ ಕನ್ನಡಕವೇ ಬೇಡವಾಯಿತೆಂದೂ, ಅದರಿಂದ ಇವರಿಗೆ ದಾರಿ ಕಂಡಿತೆಂದೂ ಒಂದು ಕಥೆಯುಂಟು. ನ್ಯೂಟನ್ನನ ಸೇಬಿನಂತೆ ಇದನ್ನೂ ಕಥೆಯಾಗಿಯೇ ಕೇಳುವುದು ಲೇಸು. ೧೯೭೦ರ ದಶಕದಿಂದ ಈ ಚಿಕಿತ್ಸೆ ಹಬ್ಬಿತು. ಮಾಸ್ಕೋದಲ್ಲಿ ರೋಗಿಗಳು ಕಾರ್ಖಾನೆಯ ಸರಕಿನಂತೆ ಸಾಲಾಗಿ ವೈದ್ಯರ ಮುಂದೆ ಜರುಗುತ್ತಿದ್ದರು. ಅಮೆರಿಕದವರು ಇದನ್ನು ಹಿಡಿದುಕೊಂಡರು. ಆದರೆ ಅವರು ಒಂದು ಒಳ್ಳೆಯ ಕೆಲಸ ಮಾಡಿದರು, ಹತ್ತು ವರ್ಷ ಬಿಡದೆ ಲೆಕ್ಕವಿಟ್ಟರು. ೧೯೯೪ರಲ್ಲಿ ಹೊರಬಂದ ಫಲಿತಾಂಶದಂತೆ ನೂರಕ್ಕೆ ೪೩ ಕಣ್ಣುಗಳು ಒಂದು ಡಯಾಪ್ಟರಿಗೂ ಮಿಗಿಲಾಗಿ ದೂರದೃಷ್ಟಿಯ ಕಡೆಗೆ ಸರಿದಿದ್ದವು. (ಕನ್ನಡದಲ್ಲಿ ದೂರದೃಷ್ಟಿ ಎಂಬುದು ಗುಣ, ಕಣ್ಣಿನ ವೈದ್ಯರಲ್ಲಿ ಮಾತ್ರ ದೋಷ.) ಈ ಚಿಕಿತ್ಸೆ ಮಾಡಿಸಿಕೊಂಡಿದ್ದ ಬೆಕ್ ವೆದರ್ಸ್ ಎಂಬ ಅಮೆರಿಕನ್ ವೈದ್ಯರು ೧೯೯೬ರ ಮೇ ತಿಂಗಳಲ್ಲಿ ಎವರೆಸ್ಟ್ ಏರುತ್ತಿದ್ದಾಗ, ಎತ್ತರದ ಗಾಳಿಗೆ ಕೊಯ್ದ ಕಾರ್ನಿಯಾಗಳು ಆಕಾರ ಕೆಟ್ಟು ಕಣ್ಣು ಕಾಣದೆ ಶಿಖರದ ಕೆಳಗೆ ನಿಂತುಬಿಟ್ಟರು. ಅಂದೇ ಬಿರುಗಾಳಿ ಬಂತು. ಅವರ ಪ್ರಾಣ ಉಳಿದದ್ದು ಪವಾಡ, ಬಲಗೈ ಉಳಿಯಲಿಲ್ಲ.

ಚೂರಿಯ ಕಥೆ ಇಷ್ಟಾಯಿತು. ಲೇಸರಿನ ಕಥೆಯಲ್ಲಿ ನಮ್ಮ ಕಡೆಯವರೊಬ್ಬರು ಬರುತ್ತಾರೆ. ಮದರಾಸಿನಲ್ಲಿ ೧೯೨೯ರಲ್ಲಿ ಹುಟ್ಟಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿಯೇ ರಸಾಯನಶಾಸ್ತ್ರ ಓದಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್, ೧೯೬೧ರಿಂದ ಐಬಿಎಂ ಕಂಪನಿಯ ಸಂಶೋಧನಾಲಯದಲ್ಲಿದ್ದರು. ಕಂಪನಿ ಗಣಕಯಂತ್ರದ್ದು, ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ೧೯೭೦ರಲ್ಲಿ ಮಾಸ್ಕೋದಲ್ಲಿ ಬಾಸೊವ್ ಮತ್ತು ಸಂಗಡಿಗರು ಕಂಡುಹಿಡಿದಿದ್ದ ಎಕ್ಸೈಮರ್ ಲೇಸರಿನ ಒಂದು ಜಾತಿ, ೧೯೩ ನ್ಯಾನೋಮೀಟರಿನ ಅತಿನೇರಳೆ ಬೆಳಕು ಕೊಡುವಂಥದು, ಅವರಲ್ಲಿತ್ತು. ಅದು ಪ್ಲಾಸ್ಟಿಕ್ಕನ್ನು ಸುಡದೆ, ಕರಗಿಸದೆ ಪದರ ಪದರವಾಗಿ ಎಬ್ಬಿಸಿಬಿಡುವುದನ್ನು ಅವರು ಕಂಡಿದ್ದರು. ಪ್ರಾಣಿಯ ಅಂಗಾಂಶದ ಮೇಲೆ ಬಿಟ್ಟರೆ? ಶ್ರೀನಿವಾಸನ್, ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಮೂವರಿಗೂ ಇದೇ ಕುತೂಹಲ. ೧೯೮೧ರ ನವೆಂಬರ್ ೨೭, ಅಮೆರಿಕನ್ನರ ಕೃತಜ್ಞತಾ ಹಬ್ಬದ ಮಾರನೆಯ ದಿನ. ಹಬ್ಬದೂಟದಲ್ಲಿ ಮಿಕ್ಕಿದ್ದ ಟರ್ಕಿ ಕೋಳಿಯ ತುಂಡನ್ನು ಶ್ರೀನಿವಾಸನ್ ಪ್ರಯೋಗಾಲಯಕ್ಕೆ ತಂದರು. ಹಬ್ಬದ ಮಾರನೆಯ ದಿನ ತಂಗಳು ಕಟ್ಟಿಕೊಂಡು ಕೆಲಸಕ್ಕೆ ಹೋಗುವುದು ನಮ್ಮವರ ಹಳೆಯ ಪದ್ಧತಿಯೇ ಸರಿ. ಅದರಿಂದ ಇಷ್ಟು ಪ್ರಯೋಜನವಾದದ್ದು ಇನ್ನೊಂದನ್ನು ನಾನು ಕೇಳಿಲ್ಲ. ಹಸಿರು ಲೇಸರು ತಾಗಿದ ಕಡೆ ಮಾಂಸ ಕರಿಕಾಗಿತ್ತು. ಎಕ್ಸೈಮರ್ ತಾಗಿದ ಕಡೆ ಅಚ್ಚುಕಟ್ಟಾದ ಕಾಲುವೆ, ಅಂಚಿನಲ್ಲಿ ಸುಟ್ಟ ಗುರುತಿಲ್ಲ. ಈ ಬೆಳಕಿನ ಒಂದೊಂದು ಕಣಕ್ಕೂ ಅಣುಗಳ ಬಂಧವನ್ನು ಕಡಿಯುವಷ್ಟು ಕಸುವಿದೆ. ಕಡಿದ ಚೂರುಗಳು ಕಾವನ್ನು ತಮ್ಮೊಂದಿಗೇ ಹೊತ್ತು ಹಾರಿಹೋಗುತ್ತವೆ, ಪಕ್ಕದ ಅಂಗಾಂಶಕ್ಕೆ ಬಿಸಿ ತಟ್ಟುವುದಿಲ್ಲ. ಒಂದು ಮಿಡಿತಕ್ಕೆ ಏಳುವುದು ಸುಮಾರು ಕಾಲು ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಮೈಕ್ರಾನ್.

೧೯೮೩ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಕಣ್ಣಿನ ವೈದ್ಯ ಸ್ಟೀಫನ್ ಟ್ರೋಕೆಲ್ ಶ್ರೀನಿವಾಸನ್ ಅವರೊಂದಿಗೆ ಸೇರಿ ಇದನ್ನು ಕಾರ್ನಿಯಾದ ಮೇಲೆ ಪ್ರಯೋಗಿಸಿ ಆ ವರ್ಷವೇ ಪ್ರಕಟಿಸಿದರು. ೧೯೮೮ರಲ್ಲಿ ಮಾರ್ಗರೀಟ್ ಮೆಕ್‌ಡೊನಾಲ್ಡ್ ಎಂಬ ವೈದ್ಯೆ ದೃಷ್ಟಿ ಇರುವ ಮನುಷ್ಯನೇತ್ರದ ಮೇಲೆ ಮೊದಲ ಸಲ ಮಾಡಿದರು. ಆ ಕಣ್ಣು ಒಬ್ಬ ಹೆಂಗಸಿನದು. ಅರ್ಬುದದ ಕಾರಣ ಆಕೆಯ ಕಣ್ಣನ್ನು ಹೇಗೂ ತೆಗೆಯಬೇಕಾಗಿತ್ತು. ತೆಗೆಯುವ ಮುನ್ನ ಈ ಪ್ರಯೋಗಕ್ಕೆ ಆಕೆ ಒಪ್ಪಿಕೊಟ್ಟರು. ಬಹುಮಾನಗಳು ವಿಜ್ಞಾನಿಗಳಿಗೆ ಬಂದವು, ೨೦೧೩ರಲ್ಲಿ ಶ್ರೀನಿವಾಸನ್ ಮತ್ತು ಸಂಗಡಿಗರಿಗೆ ಅಮೆರಿಕದ ಅಧ್ಯಕ್ಷರ ಕೈಯಿಂದಲೇ ಪದಕ ಬಂತು, ಬರಬೇಕಾದದ್ದೇ. ಆ ತಾಯಿಗೂ ಯಾರಾದರೂ ಒಂದು ಹಾರ ಹಾಕಬೇಕಾಗಿತ್ತು ಎನಿಸಿತು ನನಗೆ.

ಮುಂದಿನದು ಬೇಗ ಬೇಗ ನಡೆಯಿತು. ಕ್ರೀಟ್ ದ್ವೀಪದ ಪಲ್ಲಿಕಾರಿಸ್ ಕಾರ್ನಿಯಾದ ಮೇಲ್ಪದರವನ್ನು ಪುಸ್ತಕದ ರಟ್ಟಿನಂತೆ ಎತ್ತಿ, ಕೆಳಗೆ ಲೇಸರಿನಿಂದ ಕೆತ್ತಿ, ರಟ್ಟನ್ನು ಮತ್ತೆ ಮುಚ್ಚುವ ಉಪಾಯ ಮಾಡಿದರು. ಹೊಲಿಗೆ ಬೇಡ. ಬರಾಕೇರ್ ಅವರ ಕೆತ್ತನೆಯೇ, ಆದರೆ ಹೊರಗೆ ಚರಕಿಯ ಮೇಲಲ್ಲ, ಇದ್ದಲ್ಲೇ. ಇಂದು ಊರೂರಿನ ಫಲಕಗಳಲ್ಲಿ ಕಾಣುವ ಲೇಸಿಕ್ ಎಂಬ ಹೆಸರಿನ ಕೊನೆಯ ಅಕ್ಷರದಲ್ಲಿ ಆ ಕೆರಟೋಮಿಲ್ಯೂಸಿಸ್ ಅಡಗಿ ಕುಳಿತಿದೆ. ೧೯೯೩ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬನ ಕಣ್ಣಿಗೆ ಅತಿಕ್ಷಿಪ್ರ ಮಿಡಿತದ ಲೇಸರ್ ಅಕಸ್ಮಾತ್ತಾಗಿ ಹೊಕ್ಕಿತು. ಅವನ ಅಕ್ಷಿಪಟಲದ ಮೇಲಿನ ಗಾಯ ಅತಿ ನಿಖರವಾಗಿದ್ದುದನ್ನು ನೋಡಿ ವೈದ್ಯರು ಬೆರಗಾದರು. ಅದರಿಂದ ಮೇಲ್ಪದರ ಕೊಯ್ಯುವುದಕ್ಕೂ ಅಲಗು ಬೇಡವಾಯಿತು. ಆ ಪ್ರಯೋಗಾಲಯದ ಗೆರಾರ್ ಮೂರು ಅವರಿಗೆ ೨೦೧೮ರಲ್ಲಿ ನೊಬೆಲ್ ಬಂತು. ರಟ್ಟನ್ನೇ ಎತ್ತದೆ, ಒಳಗೊಂದು ತೆಳುಬಿಲ್ಲೆ ಕೆತ್ತಿ ಸಣ್ಣ ಕಿಂಡಿಯಿಂದ ಎಳೆದು ತೆಗೆಯುವ ಸ್ಮೈಲ್ ಎಂಬ ವಿಧಾನವೂ ಈಗ ರೂಢಿಯಲ್ಲಿದೆ.

ಹದಿನೈದನೆಯ ದಿನ ಅಕ್ಕನೂ ಮಗಳೂ ಬಂದರು. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಕಾರ್ನಿಯಾದ ದಪ್ಪ ಸರಾಸರಿ ೫೪೦ ಮೈಕ್ರಾನ್. ಮೇಲ್ಪದರಕ್ಕೆ ೧೧೦ ಹೋಯಿತು. ಒಂದು ನಂಬರಿಗೆ ಹನ್ನೆರಡರಿಂದ ಹದಿನೈದು ಮೈಕ್ರಾನಿನಂತೆ ಮೈನಸ್ ಆರಕ್ಕೆ ಸುಮಾರು ೮೦. ಉಳಿದದ್ದು ೩೫೦. ಕಡೆಯ ಪಕ್ಷ ೨೫೦ ಉಳಿಯಲೇಬೇಕೆಂಬುದು ವೈದ್ಯರ ನಿಯಮ. "ನೋಡಿ, ನೂರು ಮಿಕ್ಕಿತು!" ಎಂದಳು ಹುಡುಗಿ. ಹದಿನೆಂಟು ತುಂಬಿರಬೇಕು, ತುಂಬಿದೆ. ಗರ್ಭಿಣಿಯರಿಗೆ, ಎಳೆಮಗುವಿಗೆ ಹಾಲೂಡುವವರಿಗೆ ಕೂಡದು, ಅದು ಇಲ್ಲ. ಅಮೆರಿಕ ಸರ್ಕಾರದ ಮೇಲ್ವಿಚಾರಣೆಯಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ೯೫ಕ್ಕೂ ಮಿಗಿಲು ಜನ ತಮ್ಮ ನೋಟದ ಬಗ್ಗೆ ತೃಪ್ತಿ ಹೇಳಿದ್ದರು. ಆದರೆ ಮೊದಲು ಏನೂ ತೊಂದರೆಯಿಲ್ಲದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಮೂರು ತಿಂಗಳ ಹೊತ್ತಿಗೆ ದೀಪದ ಸುತ್ತ ಪರಿವೇಷ, ಪ್ರಖರತೆ, ನೆರಳುಬಿಂಬ ಇವುಗಳಲ್ಲಿ ಒಂದಾದರೂ ಹೊಸದಾಗಿ ಕಾಣಿಸಿಕೊಂಡಿತ್ತು. ಅದರಿಂದ ದಿನದ ಕೆಲಸಕ್ಕೇ ತೀರ ತೊಡಕಾದವರು ನೂರಕ್ಕೆ ಒಬ್ಬರಿಗಿಂತ ಕಡಮೆ. ಕಣ್ಣಿನ ಪಸೆ ಆರುವುದೂ ಹಲವರಿಗುಂಟು.

"ಮತ್ತೆ ಜನ್ಮದಲ್ಲಿ ಕನ್ನಡಕ ಬೇಡವಲ್ಲ?" ಎಂದಳು ಅಕ್ಕ. ಅದಕ್ಕೆ ನಮ್ಮ ಭಾಷೆಯೇ ಉತ್ತರ ಹೇಳುತ್ತದೆ. ಹಿಂದಿನವರು ಕನ್ನಡಕವನ್ನು ಚಾಳೀಸು ಎನ್ನುತ್ತಿದ್ದರು. ಚಾಳೀಸು ಎಂದರೆ ನಲವತ್ತು. ನಲವತ್ತರ ಮೇಲೆ ಒಳಗಿನ ಮಸೂರ ಬಿರುಸಾಗಿ ಅಕ್ಷರ ಕಾಣದಾಗುವುದನ್ನು ಕಾರ್ನಿಯಾದ ಕೆತ್ತನೆ ತಡೆಯಲಾರದು. ಉದ್ದನೆಯ ಕಣ್ಣುಗುಡ್ಡೆಯೂ ಉದ್ದವಾಗಿಯೇ ಇರುತ್ತದೆ. ಅಕ್ಷಿಪಟಲ ಕಳಚುವ ಭಯ ಮೊದಲಿನಷ್ಟೇ ಉಳಿಯುತ್ತದೆ, ಪರೀಕ್ಷೆ ತಪ್ಪಿಸುವಂತಿಲ್ಲ. ಹಳೆಯ ನಂಬರಿನ ಚೀಟಿಗಳನ್ನು ಜೋಪಾನ ಮಾಡಬೇಕು, ಮುಂದೆ ಪೊರೆಯ ಶಸ್ತ್ರಚಿಕಿತ್ಸೆಯಾದಾಗ ಲೆಕ್ಕಕ್ಕೆ ಬೇಕಾಗುತ್ತದೆ. ಈ ಮಾತಿಗೆ ಅವಳು ಚೀಲದಿಂದ ಚೀಟಿಗಳನ್ನು ತೆಗೆದಳು. ನಂಬರು ಒಂದು ವರ್ಷದಿಂದಾದರೂ ಅಲುಗದೆ ನಿಂತಿರಬೇಕೆಂಬ ನಿಯಮವನ್ನು ನಾನು ಇನ್ನೂ ಹೇಳಿರಲಿಲ್ಲ. ಎಡಗಣ್ಣಿನದು ಒಂದೇ ವರ್ಷದಲ್ಲಿ ಮುಕ್ಕಾಲು ಏರಿತ್ತು.

ಮುಂದಿನ ವಾರ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಕಾರ್ನಿಯಾದ ಉಬ್ಬುತಗ್ಗನ್ನು ಭೂಪಟದಂತೆ ಬಣ್ಣದಲ್ಲಿ ತೋರಿಸುವ ಯಂತ್ರವಿದೆ. ಬಲಗಣ್ಣಿನ ಚಿತ್ರ ಹಸಿರಾಗಿತ್ತು. ಎಡಗಣ್ಣಿನದರಲ್ಲಿ ಕೆಳಗಡೆ ಒಂದು ಕೆಂಪು ಮಚ್ಚೆ. ವೈದ್ಯರು ಹೆಚ್ಚು ಮಾತನಾಡುವವರಲ್ಲ. ಕೆರಟೋಕೋನಸ್ಸಿನ ಆರಂಭವೆಂದು ಶಂಕೆ, ಇಂಥ ಕಣ್ಣನ್ನು ಕೆತ್ತಿದರೆ ಇನ್ನಷ್ಟು ಸಡಿಲವಾಗಿ ಮುಂದಕ್ಕೆ ಚಾಚುತ್ತದೆ, ಲೇಸಿಕ್ ಮಾಡುವುದಿಲ್ಲ ಎಂದರು. ಸಾಟೋ ಅವರ ಕಥೆ ಹುಟ್ಟಿದ ಆ ರೋಗದ ಹೆಸರನ್ನು ಹದಿನೈದು ದಿನದ ಹಿಂದೆ ಓದಿದ್ದೆ. ಅದನ್ನು ನಮ್ಮ ಮನೆಯ ಹುಡುಗಿಯ ಕಾಗದದ ಮೇಲೆ ಓದುವೆನೆಂದು ಎಣಿಸಿರಲಿಲ್ಲ. ರೋಗ ಬೆಳೆಯುವುದು ಖಚಿತವಾದರೆ ರೈಬೋಫ್ಲೇವಿನ್ ಹನಿ ಬಿಟ್ಟು ಅತಿನೇರಳೆ ಬೆಳಕು ಹಾಯಿಸಿ ಪಟಲವನ್ನು ಗಟ್ಟಿ ಮಾಡುವ ಚಿಕಿತ್ಸೆ ಇದೆಯಂತೆ. ಅದರ ಮೊದಲ ಫಲಿತಾಂಶಗಳು ಜರ್ಮನಿಯ ಡ್ರೆಸ್ಡೆನ್ನಿನಿಂದ ೨೦೦೩ರಲ್ಲಿ ಬಂದವು. ಕಣ್ಣುಜ್ಜಕೂಡದೆಂದು ಎರಡು ಸಲ ಹೇಳಿದರು.

ಬರುವಾಗ ಆಟೋದಲ್ಲಿ ಅವಳು ಮಾತನಾಡಲಿಲ್ಲ. ಎರಡು ದಿನದ ಮೇಲೆ ಗಂಡಿನ ಮನೆಗೆ ತಾನೇ ಫೋನು ಮಾಡಿ, ಕನ್ನಡಕ ಇರುತ್ತದೆ, ಕಾರಣ ಇದು ಎಂದು ತಿಳಿಸಿದಳಂತೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ. ಆರು ತಿಂಗಳ ಮೇಲೆ ಮತ್ತೊಮ್ಮೆ ಅದೇ ಚಿತ್ರ ತೆಗೆಸಿ ಹೋಲಿಸಬೇಕು; ಬರುವ ಶ್ರಾವಣಕ್ಕೆ ಆರು ತಿಂಗಳಾಗುತ್ತದೆ.